ಒಲೆಗಣತಿ

ಕೃಷ್ಣಾ ದಂಡೆಯ ಹೊಳೆಗುಡ್ಡ ಹೋಬಳಿಯಲ್ಲಿ ಯಾರನ್ನಾದರೂ ತಡೆದು, ‘ಊಟ ಆತೇನು?’ ಎಂದು ಕೇಳಿ ನೋಡಿ. ಆತು ಎನ್ನುತ್ತಾರೆ. ಎರಡು ದಿನದಿಂದ ಹೊಟ್ಟೆಗೆ ಏನೂ ಬೀಳದವನೂ ಆತು ಎನ್ನುತ್ತಾನೆ, ಮೇಲೊಂದು ತೇಗು ಬೇರೆ ತೆಗೆಯುತ್ತಾನೆ. ಇಲ್ಲ ಎಂದರೆ ಕೇಳಿದವರು ಕರೆದು ಉಣ್ಣಿಸಬೇಕಾಗುತ್ತದೆ. ಅವರ ಮನೆಯಲ್ಲಿ ಇದೆಯೋ ಇಲ್ಲವೋ ಯಾರಿಗೆ ಗೊತ್ತು? ಇನ್ನೊಬ್ಬರನ್ನು ಅಂಥ ಇಕ್ಕಟ್ಟಿಗೆ ಸಿಕ್ಕಿಸುವುದು ಅಲ್ಲಿನವರ ಪ್ರಕಾರ ಮರ್ಯಾದಸ್ಥರ ಲಕ್ಷಣವಲ್ಲ.

ಅಮರಾವತಿ ಅದೇ ಹೋಬಳಿಯಲ್ಲಿ ಬೆಳೆದವಳು, ಆದ್ದರಿಂದ ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹನ್ನೆರಡು ವರ್ಷದ ಹಿಂದೆ ನಲವತ್ತೆರಡು ದೇಶಗಳು ಒಂದೆಡೆ ಕುಳಿತು, ಇನ್ನು ಮುಂದೆ ಅನ್ನದ ಲೆಕ್ಕವನ್ನು ಯಾವ ಸರ್ಕಾರವೂ ತನಗೆ ಬೇಕಾದಂತೆ ತಿದ್ದಬಾರದು, ಎಲ್ಲರೂ ಒಂದೇ ಅಳತೆಯಲ್ಲಿ ಅಳೆಯೋಣ, ಕೊರತೆ ಬಿದ್ದ ಕಡೆಗೆ ಎಲ್ಲರ ಕಣಜದಿಂದ ಹಂಚೋಣ ಎಂದು ಒಪ್ಪಂದ ಮಾಡಿಕೊಂಡಾಗ, ಆ ಸಭೆಯಲ್ಲಿ ಹಿಂದಿನ ಸಾಲಿನಿಂದ ಎದ್ದು ನಿಂತ ಸಂಖ್ಯಾಶಾಸ್ತ್ರಜ್ಞೆ ಅವಳೇ.

“ನಮ್ಮ ಜನರನ್ನು ಹಸಿವಿನ ಬಗ್ಗೆ ಕೇಳಬೇಡಿ,” ಎಂದಿದ್ದಳು. “ಕೇಳಿದರೆ ಸುಳ್ಳು ಹೇಳುತ್ತಾರೆ. ಮನುಷ್ಯ ಸುಳ್ಳು ಹೇಳಬಹುದು, ಒಲೆ ಹೇಳಲಾರದು. ಒಲೆ ಎಣಿಸಿ.”

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಆ ಚಪ್ಪಾಳೆಯಿಂದ ಹುಟ್ಟಿದ್ದು ಒಲೆಗಣತಿ. ಭೂಮಿಯಿಂದ ಮೂವತ್ತಾರು ಸಾವಿರ ಕಿಲೋಮೀಟರು ಮೇಲೆ, ಆಕಾಶದಲ್ಲಿ ನಿಂತ ಜಾಗ ಬಿಟ್ಟು ಕದಲದ ನಾಲ್ಕು ಉಪಗ್ರಹಗಳು. ಒಂದೊಂದಕ್ಕೂ ಎರಡು ಕಣ್ಣು. ಒಂದು ಕಣ್ಣು ಶಾಖ ನೋಡುತ್ತದೆ. ಯಾವ ಮನೆಯ ಒಲೆ ಎಷ್ಟು ಹೊತ್ತಿಗೆ ಹೊತ್ತಿತು, ಎಷ್ಟು ಹೊತ್ತಿಗೆ ಆರಿತು ಎಂಬುದು ಅದಕ್ಕೆ ಗೊತ್ತು. ಇನ್ನೊಂದು ಕಣ್ಣು ಹೊಲದ ಹಸಿರು ನೋಡಿ ಬೆಳೆ ಅಂದಾಜು ಮಾಡುತ್ತದೆ. ಒಂದು ಹೋಬಳಿಯಲ್ಲಿ ಮೂರು ದಿನ ಒಂದೇ ಸಮನೆ ನೂರಕ್ಕೆ ಅರವತ್ತು ಒಲೆ ತಣ್ಣಗಿದ್ದರೆ ಅಲ್ಲಿ ‘ಕೊರತೆ’ ಎಂದು ದಾಖಲಾಗಿ, ಗುರುವಾರದ ಹಂಚಿಕೆಯಲ್ಲಿ ಧಾನ್ಯ ಹೊರಡುತ್ತದೆ. ಮೂರು ದಿನ ಎಂಬ ನಿಯಮವೂ ಅಮರಾವತಿಯದೇ. ಉಪವಾಸವೆಂದೋ ಹಬ್ಬವೆಂದೋ ಒಂದು ದಿನ ಒಲೆ ಹಚ್ಚದಿರಬಹುದಲ್ಲ ಎಂದು ಅವಳ ಲೆಕ್ಕಾಚಾರ. ಯಾವ ಮಂತ್ರಿಯ ಫೋನೂ ಈ ನಿಯಮವನ್ನು ಅಲುಗಿಸುವಂತಿರಲಿಲ್ಲ. ಹತ್ತು ವರ್ಷ ಅದು ಲಕ್ಷಾಂತರ ಜನರ ಜೀವ ಉಳಿಸಿತು, ಅದನ್ನೂ ಹೇಳಬೇಕು.

ಹನ್ನೊಂದನೆಯ ವರ್ಷದ ಕಾರ್ತಿಕದಲ್ಲಿ, ಒಂದು ಶನಿವಾರ, ರಾಯಚೂರಿನ ಅನ್ನಲೆಕ್ಕ ಕೇಂದ್ರದಲ್ಲಿ ಕುಳಿತು ಅಮರಾವತಿ ಹೊಳೆಗುಡ್ಡದ ಹಾಳೆಯನ್ನು ಮೂರನೇ ಸಲ ಓದುತ್ತಿದ್ದಳು. ಉರಿದ ಒಲೆ ನೂರಕ್ಕೆ ತೊಂಬತ್ತೇಳು. ಬೆಳೆ ವಾಡಿಕೆಗಿಂತ ನೂರಕ್ಕೆ ಮೂವತ್ತು ಹೆಚ್ಚು. ಇಂಥ ಹಾಳೆ ನೋಡಿದರೆ ಹೊಟ್ಟೆ ತಣ್ಣಗಾಗಬೇಕು. ಆದರೆ ಮರಣದ ನೋಂದಣಿಯಲ್ಲಿ ಒಂದೇ ತಿಂಗಳಿಗೆ ತೊಂಬತ್ತು ಮುದುಕರು ಹೋಗಿದ್ದರು, ಎಲ್ಲರ ಮುಂದೂ ‘ವಯೋಸಹಜ’ ಎಂದು ಬರೆದಿತ್ತು. ವಾಡಿಕೆಗಿಂತ ಮೂರು ಪಟ್ಟು.

ಇನ್ನೊಂದು ಸಂಗತಿಯೂ ಅವಳನ್ನು ಕಾಡುತ್ತಿತ್ತು. ಯಾವ ಊರಿನಲ್ಲೂ ಎರಡು ಮನೆಯ ಒಲೆ ಒಂದೇ ಸಮ ಉರಿಯುವುದಿಲ್ಲ. ಒಂದು ಮನೆಯಲ್ಲಿ ನಲವತ್ತು ನಿಮಿಷ, ತುಂಬಿದ ಮನೆಯಲ್ಲಿ ಒಂದೂವರೆ ತಾಸು. ಹೊಳೆಗುಡ್ಡದ ಇಪ್ಪತ್ತಮೂರು ಸಾವಿರ ಒಲೆಗಳೂ ಐದು ವಾರದಿಂದ ಇಪ್ಪತ್ತು ನಿಮಿಷಕ್ಕೆ ಆರುತ್ತಿದ್ದವು.

ಅವಳು ಚಿಕೊಂಡಿಗೆ ಕರೆ ಮಾಡಿದಳು. ಚಿಕೊಂಡಿ ಮಲಾವಿ ದೇಶದ ಲೆಕ್ಕಗಾರ್ತಿ, ಅಲ್ಲಿನ ಸರೋವರದ ದಂಡೆಯ ಜಿಲ್ಲೆಯವಳು. ಒಂದು ದೇಶದ ಹಾಳೆಯನ್ನು ಇನ್ನೊಂದು ದೇಶದವರು ಪರಿಶೀಲಿಸಿ ಸಹಿ ಹಾಕಬೇಕೆಂಬುದು ಒಪ್ಪಂದದ ಪದ್ಧತಿ. ಅಮರಾವತಿಯ ಜೋಡಿಯಾಗಿ ಆರು ವರ್ಷದಿಂದ ಚಿಕೊಂಡಿಯೇ ಇದ್ದಳು. ಇಬ್ಬರೂ ಮುಖಾಮುಖಿ ಕಂಡವರಲ್ಲ. ಆಕೆಯ ಮಾತನ್ನು ಕನ್ನಡಿಸುವ ಯಂತ್ರವನ್ನು ಯಾವ ಪಂಡಿತರು ಸಾಕಿದ್ದರೋ, ಅದು ಆಕೆಯ ಬಾಯಿಗೆ ಹಳೆಯ ರೇಡಿಯೋ ವಾರ್ತೆಯ ಕನ್ನಡ ತುಂಬುತ್ತಿತ್ತು.

“ಸೋದರಿ, ತಮ್ಮ ಊಟವಾಯಿತೇ?” ಎಂದಳು ಚಿಕೊಂಡಿ. ಈ ಕುಶಲಪ್ರಶ್ನೆ ಕಲಿಸಿದವಳು ಅಮರಾವತಿಯೇ. ಅಂದಿನಿಂದ ಇಬ್ಬರ ಮಾತೂ ಇದರಿಂದಲೇ ಶುರುವಾಗುತ್ತಿತ್ತು.

“ಆತು. ನಿಮ್ದು?”

“ಆಯಿತು. ನಮ್ಮ ಕಡೆಯೂ ಇಲ್ಲವೆಂದು ಹೇಳುವ ರೂಢಿಯಿಲ್ಲವೆಂದು ತಮಗೆ ಅರುಹಿದ್ದೆನಲ್ಲ.” ಚಿಕೊಂಡಿ ನಕ್ಕಳು. ಅಮರಾವತಿ ಇಪ್ಪತ್ತು ನಿಮಿಷದ ವಿಷಯ ಹೇಳಿದಾಗ, “ಜನರು ಇಂಧನದಲ್ಲಿ ಮಿತವ್ಯಯ ಸಾಧಿಸುತ್ತಿರಬಹುದು,” ಎಂದಳು.

ಆದರೆ ಇಪ್ಪತ್ತು ನಿಮಿಷದಲ್ಲಿ ಐದು ಜನರ ಮನೆಗೆ ಆಗುವಷ್ಟು ರೊಟ್ಟಿ ಬಡಿದು ಪಲ್ಯ ಮಾಡುವುದು ಯಾವ ಹೆಂಗಸಿಗೂ ಸಾಧ್ಯವಿಲ್ಲ ಎಂಬುದಕ್ಕೆ ಉಪಗ್ರಹ ಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಅಮರಾವತಿ ಮೊದಲ ಬಸ್ಸಿಗೆ ಹೊಳೆಗುಡ್ಡಕ್ಕೆ ಹೊರಟಳು.

ಅಲ್ಲಿ ಅವಳ ಚಿಗವ್ವ, ತಾಯಿಯ ತಂಗಿ ಹುಲಿಗೆಮ್ಮ ಇದ್ದಳು. ತಾಯಿ ತೀರಿದ ಮೇಲೆ ಅಮರಾವತಿಯನ್ನು ಎತ್ತಿ ಆಡಿಸಿದವಳು, ಓದಿಸಿದವಳು. ಈಗ ಮೊಮ್ಮಗಳು ಚೆನ್ನಿಯನ್ನು ಸಾಕುತ್ತಿದ್ದಳು. ಮಗ ಸೊಸೆ ಇಬ್ಬರೂ ಇಟ್ಟಂಗಿ ಭಟ್ಟಿಗೆ ದುಡಿಯಲು ಹೋಗಿದ್ದರು. ಬಸ್ಸಿಳಿದಾಗ ಹತ್ತೂವರೆ. ಓಣಿಯ ಒಂದೊಂದು ಮನೆಯ ಮೇಲೂ ಹೊಗೆ ಏಳುತ್ತಿತ್ತು. ಗ್ಯಾಸು ಕೈಗೆಟುಕದಂತಾಗಿ ಹತ್ತಿಕಟ್ಟಿಗೆಯ ಒಲೆಗಳು ಮತ್ತೆ ಬಂದು ಎಷ್ಟೋ ವರ್ಷವಾಗಿತ್ತು. ಗಾಳಿಯಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ತನ್ನ ಅನುಮಾನಕ್ಕೆ ತನಗೇ ನಾಚಿಕೆಯಾಗುವಷ್ಟು ಸುಖದ ವಾಸನೆ ಅದು.

“ಬಾ ಅವ್ವಾ ಅಮರಿ,” ಎಂದಳು ಹುಲಿಗೆಮ್ಮ, ಬಾಗಿಲ ಚೌಕಟ್ಟು ಹಿಡಿದುಕೊಂಡೇ. ಕೈಯ ಬಳೆ ಮೊಣಕೈವರೆಗೂ ಜಾರುತ್ತಿದ್ದವು. “ಒಂದ್ ಗಳಿಗಿ ಮೊದ್ಲ ಬಂದಿದ್ರ ಉಣಬೋದಿತ್ತು. ನಮ್ದು ಈಗಷ್ಟ ಆತು.”

“ಒಲಿ ಮ್ಯಾಲ ಇನ್ನೂ ಏನೋ ಕುದಿಯಾಕತ್ತೈತಲ್ಲ ಚಿಗವ್ವ?”

“ಸಂಜಿಗಂತ ಬ್ಯಾಳಿ ಇಟ್ಟೀನಿ.”

ನಾಲ್ಕು ವರ್ಷದ ಚೆನ್ನಿ ಒಲೆಯ ಮುಂದೆ ಕುಳಿತು ಪಾತ್ರೆಯನ್ನೇ ನೋಡುತ್ತಿದ್ದಳು. ಮಗುವಿನ ಕೂದಲು ತೆಳ್ಳಗೆ, ಕೆಂಚಗೆ ತಿರುಗಿತ್ತು. ಅದು ಯಾವುದರ ಗುರುತೆಂದು ಅಮರಾವತಿ ಪುಸ್ತಕದಲ್ಲಿ ಓದಿದ್ದಳು. ಅವಳು ಸೀರೆಯ ಸೆರಗಿನಿಂದ ಮುಚ್ಚಳ ಎತ್ತಿದಳು.

ಪಾತ್ರೆಯಲ್ಲಿ ನೀರಿತ್ತು. ಬರೀ ನೀರು. ಒಲೆಯ ಕೆಂಡದ ಮೇಲೆ ನಾಲ್ಕು ಬೆಳ್ಳುಳ್ಳಿ ಸಿಪ್ಪೆ ಸುಡುತ್ತಿದ್ದವು.

“ಮುಚ್ಚು,” ಎಂದಳು ಹುಲಿಗೆಮ್ಮ ಸಣ್ಣ ದನಿಯಲ್ಲಿ. “ಓಣ್ಯಾಗಿನವ್ರು ಯಾರರ ಬಂದಾರು.”

“ಎಷ್ಟ್ ದಿನದಿಂದ ಹಿಂಗ?”

ಹುಲಿಗೆಮ್ಮ ತಾನೇ ಮುಚ್ಚಳ ಕಸಿದು ಪಾತ್ರೆಯ ಮೇಲಿಟ್ಟಳು. “ಎಲ್ಲಾರ ಮನ್ಯಾಗೂ ಒಲಿ ಹತ್ತತೈತಿ. ನಮ್ದೊಂದ ಹತ್ಲಿಲ್ಲಂದ್ರ ಮಂದಿ ಏನಂತಾರ? ಕೂಸಿಗೆ ಹುಣಸಿಬೀಜ ಹುರದು ಕುಟ್ಟಿ ಕುಡಿಸ್ತೀನಿ. ನನಗೇನು, ವಯಸ್ಸಾತು,” ಎಂದಳು.

ಅಮರಾವತಿ ಎದ್ದು ಹೊರಗೆ ಹೋದಳು. ಪಕ್ಕದ ಮನೆಗೆ ಹೋದಳು, ಅದರ ಪಕ್ಕದ್ದಕ್ಕೆ ಹೋದಳು. ಕುಶಲ ಕೇಳಿದಳು, ಕುಳಿತಳು, ಏನೋ ನೆಪ ಮಾಡಿ ಮುಚ್ಚಳ ಎತ್ತಿದಳು. ಹನ್ನೊಂದು ಮನೆಯಲ್ಲಿ ಹನ್ನೊಂದು ಪಾತ್ರೆ ನೀರು. ಪ್ರತಿಯೊಬ್ಬಳೂ ತನ್ನ ಮನೆಯಲ್ಲಿ ಮಾತ್ರ ಹೀಗೆ, ಉಳಿದವರೆಲ್ಲ ಉಣ್ಣುತ್ತಿದ್ದಾರೆ ಎಂದು ನಂಬಿದ್ದಳು. ಇಪ್ಪತ್ತು ನಿಮಿಷ ಹೊಗೆ ಕಂಡರೆ ಸಾಕು, ಅದಕ್ಕಿಂತ ಹೆಚ್ಚು ಕಟ್ಟಿಗೆ ದಂಡ ಮಾಡಬಾರದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾವು ಆಡಿಕೊಂಡು ನಗುತ್ತೇವೆ. ಆ ಗಾದೆ ಕಟ್ಟಿದವನು ಹೊಟ್ಟೆ ತುಂಬಿದವನಿರಬೇಕು.

ತನ್ನ ಅಮ್ಮನೂ ಒಂದು ಬೇಸಿಗೆ ಹೀಗೆಯೇ ನೀರು ಕುದಿಸಿದ್ದು ಅಮರಾವತಿಗೆ ಆಗ ನೆನಪಾಯಿತು. ಬೇಯ್ತಾ ಐತಿ ಮಲಗು ಎಂದು ತಟ್ಟಿ ಮಲಗಿಸಿದ್ದಳು. ಸಾವಿರ ಜನರ ಸಭೆಯಲ್ಲಿ ಒಲೆ ಸುಳ್ಳು ಹೇಳಲಾರದು ಎಂದಾಗ ಇದು ಎಲ್ಲಿ ಹೋಗಿತ್ತು? ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಹೊಲದ ಕತೆ ಶರಭಣ್ಣ ಹೇಳಿದ. ಅವನು ಹಳೆಯ ಗ್ರಾಮ ಸಹಾಯಕ. ಹಿಂದೆ ಸರ್ಕಾರದವರು ಬೆಳೆ ಕಟಾವು ಪ್ರಯೋಗ ಮಾಡುವಾಗ ಹಗ್ಗ ಗೂಟ ಹೊತ್ತು ಹೊಲಹೊಲ ತಿರುಗಿದವನು. ಆಕಾಶದ ಕಣ್ಣು ಬಂದ ಮೇಲೆ ಆ ಪ್ರಯೋಗ ನಿಂತಿತ್ತು, ಹಗ್ಗ ಮಾತ್ರ ಅವನ ಅಟ್ಟದ ಮೇಲಿತ್ತು. ಇಬ್ಬರೂ ಕಾಲುವೆ ಕೆಳಗಿನ ಗದ್ದೆಗೆ ಹೋದರು. ಕಣ್ಣು ಹಾಯುವವರೆಗೂ ಹಸಿರು. ಆದರೆ ಬಾಗಬೇಕಾದ ತೆನೆ ನೆಟ್ಟಗೆ ನಿಂತಿತ್ತು.

“ಹೂ ಬಿಡೋ ಹೊತ್ತಿನ್ಯಾಗ ರಾತ್ರಿ ಎಲ್ಲಾ ಕುದ್ದ್ವು ನೋಡವ್ವ,” ಎಂದ ಶರಭಣ್ಣ. “ಸೆಕಿಗೆ ಹಾಲು ತುಂಬ್ಲಿಲ್ಲ. ಎಲ್ಲಾ ಜೊಳ್ಳು. ಕಾಳ ಇಲ್ಲದ ಪೈರು ಒಣಗೋದಿಲ್ಲ, ಹಸರಾಗೇ ನಿಂದರ್ತೈತಿ.”

“ಯಾರಿಗೂ ಹೇಳ್ಲಿಲ್ಲೇನು ಕಾಕಾ?”

“ಹೇಳಿದ್ವಿ. ಮ್ಯಾಲಿಂದ ಭಾರಿ ಬೆಳಿ ಕಾಣಾಕತ್ತೈತಿ ಅಂದ್ರು. ಬೆಳಿ ಬಂದೂರಿಗೆ ರೇಷನ್ ಯಾಕಂತ ಅದನ್ನೂ ಅರ್ಧ ಮಾಡಿದ್ರು. ಬಂದಿದ್ದು ಐದು ವಾರದ ಹಿಂದನ ತೀರಿತು.”

ಐದು ಮೀಟರು ಉದ್ದ, ಐದು ಮೀಟರು ಅಗಲ ಹಗ್ಗ ಎಳೆದು ಗೂಟ ಹೊಡೆದರು. ಒಳಗಿನ ಪೈರು ಕೊಯ್ದರು, ತಾಡಪತ್ರಿಯ ಮೇಲೆ ಬಡಿದು ತೂರಿದರು. ಹದಿನೈದು ಕಿಲೋ ಬರಬೇಕಾದಲ್ಲಿ ಒಂಬೈನೂರು ಗ್ರಾಂ ಬಂತು. ಶರಭಣ್ಣ ತಕ್ಕಡಿಯನ್ನು ಮೂರು ಸಲ ಎತ್ತಿ ನೋಡಿ ಕೆಳಗಿಟ್ಟ.

ಗದ್ದೆಯ ಬದುವಿನ ಮೇಲೆ ಕುಳಿತೇ ಅಮರಾವತಿ ಚಿಕೊಂಡಿಗೆ ಕರೆ ಮಾಡಿ ನೀರಿನ ಪಾತ್ರೆಗಳ ಬಗ್ಗೆ, ತೂಕದ ಬಗ್ಗೆ ಹೇಳಿದಳು. ಆ ಕಡೆ ಹಾಳೆ ತಿರುವುವ ಸದ್ದು ಕೇಳಿತು.

“ಒಂದು ತೂಕವು ಸಾಕ್ಷ್ಯವಲ್ಲ, ಸೋದರಿ,” ಎಂದಳು ಚಿಕೊಂಡಿ. “ಹೊಸ ವಿಧಾನವನ್ನು ಸಮಿತಿಯು ಪರಿಶೀಲಿಸಲು ತೊಂಬತ್ತು ದಿನ. ನಿಯಮವನ್ನು ಬರೆದವರು ತಾವು.”

“ತೊಂಬತ್ತು ದಿನಕ್ಕ ಇಲ್ಲಿ ಯಾರು ಇರ್ತಾರ?”

“ಸಮುದ್ರದಲ್ಲಿ ಒಂದೇ ಒಂದು ಹಡಗು ಹಂಚಿಕೆಗೆ ಉಳಿದಿದೆ. ಮುಂದಿನದು ಇಪ್ಪತ್ತೆಂಟು ದಿನದ ಬಳಿಕ. ಗುರುವಾರದೊಳಗೆ ತಮ್ಮ ಒಲೆಗಳು ತಣ್ಣಗಾದರೆ ಮಾತ್ರ ಅದು ತಮಗೆ ಬರುವುದು. ನಿಜವಾದ ಹಸಿವು ಅಲ್ಲಿದೆ. ನಿಯಮವು ಕೇಳುವ ಗುರುತು ಮಾತ್ರ ಇಲ್ಲ.”

ಸೋಮವಾರ, ಮಂಗಳವಾರ, ಬುಧವಾರ. ಲೆಕ್ಕ ಸರಿಯಾಗಿ ಮೂರು ದಿನವಿತ್ತು.

ಅವತ್ತೇ ಸಂಜೆ ನೀರಿನ ಟಾಕಿಯ ಹತ್ತಿರ ಹೆಂಗಸರು ಸೇರಿದರು. ನಾಳೆಯಿಂದ ಮೂರು ದಿನ ಯಾರೂ ಒಲೆ ಹಚ್ಚಬಾರದು ಎಂದು ಅಮರಾವತಿ ಹೇಳಿದಾಗ ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎಲ್ಲರಿಗಿಂತ ಮೊದಲು ಸಿಟ್ಟಾದವಳು ಹುಲಿಗೆಮ್ಮ.

“ಒಲಿ ಆರಸ್ರಿ ಅಂತೀಯಲ್ಲ, ತಿಳದು ಮಾತಾಡ್ತೀಯೇನ? ಹೆಣಾ ಬಿದ್ದ ಮನ್ಯಾಗ ಒಲಿ ಆರ್ತೈತಿ. ಮಣ್ಣು ಮಾಡಿ ಬರೋತನ ಹಚ್ಚಂಗಿಲ್ಲ. ಬದುಕಿದವ್ರ ಮನಿ ಒಲಿ ಆರ್ಸಂತ ನಾ ಸಾಕಿದ ಕೂಸಿನ ಬಾಯಾಗ ಬರಬೇಕಾತೇನ?”

“ನಮಗೇನಾಗೈತಿ? ನಮ್ಮ ಮನ್ಯಾಗ ಎಲ್ಲಾ ಐತಿ,” ಎಂದಳು ಹಿಂದಿನಿಂದ ಒಬ್ಬಳು. ಬೆಳಿಗ್ಗೆ ಅಮರಾವತಿ ಅವಳ ಮನೆಯ ಮುಚ್ಚಳವನ್ನೂ ಎತ್ತಿದ್ದಳು.

ಅಮರಾವತಿ ವಾದ ಮಾಡಲಿಲ್ಲ. ಅವಳ ಬಾಯಿಂದ ಬಂದದ್ದು ಒಂದೇ ಮಾತು: “ಚಿಗವ್ವ, ನಾನು ಎಣಿಸೋಳು. ತಪ್ಪು ಎಣಿಸೀನಿ. ನೀವು ಹೇಳ್ಲಿಲ್ಲಂದ್ರ ಅದು ಸರಿಯಾಗಂಗಿಲ್ಲ.”

ಹುಲಿಗೆಮ್ಮ ಚೆನ್ನಿಯನ್ನು ಸೊಂಟಕ್ಕೇರಿಸಿಕೊಳ್ಳಲು ಹೋದಳು, ಕೈಲಾಗದೆ ಕೆಳಗಿಳಿಸಿದಳು. ಆಮೇಲೆ ಯಾರ ಮುಖವನ್ನೂ ನೋಡದೆ, ನೆಲ ನೋಡುತ್ತ ಹೇಳಿದಳು.

“ನನ್ನ ಮನ್ಯಾಗ ಐದು ವಾರದಿಂದ ಬರೇ ನೀರು ಕುದಿಯಾಕತ್ತೈತಿ.”

ಟಾಕಿಯ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಆಮೇಲೆ ಹಿಂದಿದ್ದವಳೇ, ಎಲ್ಲಾ ಐತಿ ಎಂದಿದ್ದವಳೇ, “ನಮ್ಮನ್ಯಾಗೂ,” ಎಂದಳು. “ನಮ್ಮನ್ಯಾಗೂ,” ಎಂದು ಇನ್ನೊಬ್ಬಳು. ಎಷ್ಟೋ ವರ್ಷದ ನೆರೆಹೊರೆಯವರು, ಒಬ್ಬರ ಮುಖ ಒಬ್ಬರು ಹೊಸದಾಗಿ ನೋಡಿದರು. ಕೆಲವರು ಅತ್ತರು. ಹುಲಿಗೆಮ್ಮ ಅಳಲಿಲ್ಲ. ಮನೆಗೆ ಹೋಗಿ ಮೊದಲ ತಂಬಿಗೆ ನೀರು ತನ್ನ ಒಲೆಗೆ ತಾನೇ ಸುರಿದಳು. ಸ್ವಸಹಾಯ ಸಂಘದ ಹೆಂಗಸರು ಫೋನಿನ ಮೇಲೆ ಫೋನು ಮಾಡಿ ಉಳಿದ ಮೂವತ್ತೆಂಟು ಹಳ್ಳಿಗೂ ಸುದ್ದಿ ಮುಟ್ಟಿಸಿದರು.

ಸೋಮವಾರ, ಅಮರಾವತಿ ಮರಳಿ ಬಂದು ಕುಳಿತ ರಾಯಚೂರಿನ ಪರದೆಯ ಮೇಲೆ ಹೊಳೆಗುಡ್ಡ ಒಂದೊಂದು ಚುಕ್ಕೆಯಾಗಿ ಕಪ್ಪಾಗುತ್ತ ಹೋಯಿತು. ತಣ್ಣಗಿದ್ದ ಒಲೆ ನೂರಕ್ಕೆ ಅರವತ್ತನಾಲ್ಕು. ಮಂಗಳವಾರ ಅರವತ್ತೊಂಬತ್ತು. ಬುಧವಾರ ಮಧ್ಯಾಹ್ನ ಲೆಕ್ಕ ಇಳಿಯತೊಡಗಿತು. ಅರವತ್ತಮೂರು, ಅರವತ್ತೊಂದು. ಮೂರು ಗಂಟೆಗೆ ಅರವತ್ತು ಪೂರ್ತಿ, ಮೇಲೆ ಕೆಲವೇ ಮನೆ. ಆಗ ಹುಲಿಗೆಮ್ಮನ ಫೋನು ಬಂತು.

“ಅಮರಿ, ಚೆನ್ನಿ ಮುಂಜಾನಿಂದ ಒಂದ ಸವನ ಅಳಾಕತ್ತಾಳ. ಪಾತ್ರಿ ಕುದಿಯೋ ಸಪ್ಪಳ ಕೇಳಿದ್ರ ಸುಮ್ಮನಾಗ್ತಿತ್ತು ಕೂಸು, ಬೇಯಾಕತ್ತೈತಿ ಅಂತ. ಈಗ ಸಪ್ಪಳ ಇಲ್ಲ. ಮೈ ತಣ್ಣಗಾಗೈತಿ. ಒಂದು ತಂಬಿಗಿ ನೀರು ಬಿಸಿ ಮಾಡ್ಲೇನ? ಒಂದ ಒಲಿ. ನಮ್ದೊಂದ.”

ಅಮರಾವತಿ ಪರದೆ ನೋಡಿದಳು. ಹೀಗೆ ಕೇಳದೆ ಹಚ್ಚಿದವರ ಒಲೆಗಳು ಒಂದೊಂದಾಗಿ ಕೆಂಪಾಗುತ್ತಿದ್ದವು. ನಮ್ದೊಂದ ಎಂದುಕೊಂಡೇ ಎಲ್ಲರೂ ಹಚ್ಚುತ್ತಿದ್ದರು.

“ಬ್ಯಾಡ ಚಿಗವ್ವ,” ಎಂದಳು. “ನಿನ್ನ ಎದಿಗೆ ಅವಚಿಕೊಂಡು ಕೂಡು. ಸಂಜಿತನ.”

ಹುಲಿಗೆಮ್ಮ ಫೋನಿಟ್ಟಳು. ಬುಧವಾರದ ಲೆಕ್ಕ ಅರವತ್ತಕ್ಕೆ ನಿಂತಿತು. ಅರವತ್ತು, ಮತ್ತು ಹದಿನಾಲ್ಕು ಮನೆ.

ಗುರುವಾರ ಬೆಳಿಗ್ಗೆ ಹೊಳೆಗುಡ್ಡದ ಹಾಳೆಯ ಮೇಲೆ ‘ಕೊರತೆ’ ಎಂಬ ಪದ ತಾನಾಗಿ ಮೂಡಿತು. ಹಡಗಿನ ಹೆಸರಿನ ಮುಂದೆ ಹೊಳೆಗುಡ್ಡ ಎಂದು ಬಂತು. ಉಳಿದದ್ದು ಜೋಡಿ ಸಹಿ. ಚಿಕೊಂಡಿ ಈ ಹಾಳೆಗೆ ಸಹಿ ಹಾಕಬೇಕು, ಅಮರಾವತಿ ಆಕೆಯ ಹಾಳೆಗೆ. ಎರಡೂ ಬಿದ್ದ ಮೇಲೆಯೇ ಹಡಗು ಚಲಿಸುವುದು. ಇಬ್ಬರಲ್ಲಿ ಒಬ್ಬರು ‘ಅನುಮಾನ’ ಎಂದು ಬರೆದರೂ ಎರಡೂ ಹಾಳೆ ಸಮಿತಿಗೆ ಹೋಗುತ್ತವೆ, ಹಡಗು ನಿಂತಲ್ಲೇ ನಿಲ್ಲುತ್ತದೆ, ತೊಂಬತ್ತು ದಿನ.

ಅಮರಾವತಿ ಮಲಾವಿಯ ಸರೋವರ ಜಿಲ್ಲೆಯ ಹಾಳೆ ತೆರೆದಳು. ಬೆಳೆ ವಾಡಿಕೆಗಿಂತ ನೂರಕ್ಕೆ ನಲವತ್ತು ಹೆಚ್ಚು. ಉರಿದ ಒಲೆ ನೂರಕ್ಕೆ ತೊಂಬತ್ತೆಂಟು. ಇಷ್ಟು ನೋಡಿ ಸಹಿ ಹಾಕಬಹುದಿತ್ತು, ಆರು ವರ್ಷ ಹಾಗೆಯೇ ಹಾಕಿದ್ದಳು. ಆದರೆ ಈಗ ಅವಳ ಕೈ ತಾನಾಗಿ ಇನ್ನೊಂದು ಪುಟಕ್ಕೆ ಹೋಯಿತು. ಎಷ್ಟು ನಿಮಿಷ ಉರಿದವು?

ಹತ್ತೊಂಬತ್ತು. ಜಿಲ್ಲೆಯ ನಲವತ್ತು ಸಾವಿರ ಒಲೆಗಳೂ ಹತ್ತೊಂಬತ್ತು ನಿಮಿಷ. ಆರು ವಾರದಿಂದ.

ನಲವತ್ತೆರಡು ದೇಶಗಳ ಯಾವ ಯಾವ ಮೂಲೆಯಲ್ಲಿ ಯಾರು ಯಾರು ನೀರು ಕುದಿಸುತ್ತಿದ್ದಾರೋ. ಎಲ್ಲ ಕಡೆಯೂ ಒಲೆ ನಂಬಿ ಎಂದು ಹೇಳಿಕೊಟ್ಟವಳು ತಾನು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಸಮಿತಿಗೆ ಇಂದೇ ಬರೆಯಬಹುದು, ಬರೆಯಲೂಬೇಕು. ಆದರೆ ಹಡಗು ಒಂದೇ.

ಹನ್ನೆರಡಕ್ಕೆ ಚಿಕೊಂಡಿಯ ಕರೆ ಬಂತು. ಅಲ್ಲಿ ಎಳೆಬಿಸಿಲಿನ ಹೊತ್ತು. ಆಕೆ ಯಾವಾಗಲೂ ಕೂರುವ ಕಚೇರಿಯಲ್ಲಿರಲಿಲ್ಲ. ಹಿಂದೆ ಒಂದು ಮಣ್ಣಿನ ಗೋಡೆ, ಅದಕ್ಕೆ ಆನಿಸಿಟ್ಟ ಮೀನಿನ ಬಲೆ ಕಾಣುತ್ತಿತ್ತು. ಊರಿಗೆ ಹೋಗಿದ್ದಾಳೆ ಎಂದು ಅಮರಾವತಿಗೆ ತಿಳಿಯಿತು. ಭಾನುವಾರ ಫೋನಿನಲ್ಲಿ ತಾನು ಹೇಳಿದ್ದನ್ನು ಕೇಳಿ, ಆಕೆಯೂ ಯಾರದೋ ಮನೆಯ ಮುಚ್ಚಳ ಎತ್ತಿ ನೋಡಲು ಹೋಗಿದ್ದಾಳೆ ಎಂದೂ ತಿಳಿಯಿತು.

ಗೋಡೆಯ ಆಚೆಯಿಂದ ಒಂದು ಪಾತ್ರೆ ಕುದಿಯುವ ಸದ್ದು ಕೇಳುತ್ತಿತ್ತು.

“ಸೋದರಿ,” ಎಂದಳು ಚಿಕೊಂಡಿ, “ತಮ್ಮ ಊಟವಾಯಿತೇ?”

ಅಮರಾವತಿ ಹುಟ್ಟಿದಾಗಿನಿಂದ ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿದ್ದಳು. ಚೆನ್ನಿಯ ತಣ್ಣಗಾದ ಮೈ ನೆನಪಾಯಿತು.

“ಇಲ್ಲ,” ಎಂದಳು. “ನಮ್ದು ಯಾರ್ದೂ ಆಗಿಲ್ಲ.”

ಚಿಕೊಂಡಿ ತಲೆಯಾಡಿಸಿದಳು. ಪರದೆಯ ಒಂದು ಮೂಲೆಯಲ್ಲಿ, ಹೊಳೆಗುಡ್ಡದ ಹಾಳೆಯ ಕೆಳಗೆ ಆಕೆಯ ಸಹಿ ಬಿತ್ತು.

ಇನ್ನು ಕೇಳದಿದ್ದರೂ ನಡೆಯುತ್ತಿತ್ತು. ಆದರೂ ಅಮರಾವತಿ ಕೇಳಿದಳು. ಇಲ್ಲ ಎನ್ನಲಿ ಎಂದು ಅವಳ ಮನಸ್ಸಿನ ಒಂದು ಪಾಲು ಬೇಡುತ್ತಿತ್ತು, ಇನ್ನೊಂದು ಪಾಲು ಅದನ್ನೇ ಅಂಜುತ್ತಿತ್ತು.

“ನಿಮ್ದು?”

ಚಿಕೊಂಡಿ ಒಮ್ಮೆ ಹಿಂದೆ ತಿರುಗಿ ನೋಡಿದಳು. ಮತ್ತೆ ಈ ಕಡೆ ತಿರುಗಿದಾಗ ಮುಖದಲ್ಲಿ ನಗೆಯಿತ್ತು.

“ಆಯಿತು, ಸೋದರಿ. ನಮ್ಮಲ್ಲಿ ಎಲ್ಲರದೂ ಆಯಿತು.”

ಯಂತ್ರ ಅದನ್ನು ಎಷ್ಟು ಶುದ್ಧವಾಗಿ ಹೇಳಿತೆಂದರೆ, ಕೇಳಿದವರು ಯಾರಾದರೂ ನಂಬಬೇಕು. ಪಾತ್ರೆಯ ಸದ್ದು ಇನ್ನೂ ಬರುತ್ತಿತ್ತು. ಅಮರಾವತಿ ತನ್ನ ಕೋಣೆಯ ಗಡಿಯಾರ ನೋಡಿದಳು. ಕರೆ ಶುರುವಾಗಿ ಹತ್ತೊಂಬತ್ತು ನಿಮಿಷವಾಗುವ ಮೊದಲೇ ಆ ಸದ್ದು ನಿಂತಿತು.

ಅವಳು ಸರೋವರ ಜಿಲ್ಲೆಯ ಹಾಳೆಯನ್ನು ಮುಂದಕ್ಕೆ ಎಳೆದುಕೊಂಡು, ‘ಒಲೆಗಳು ಉರಿಯುತ್ತಿವೆ, ಕೊರತೆ ಇಲ್ಲ’ ಎಂಬ ಸಾಲಿನ ಕೆಳಗೆ ತನ್ನ ಸಹಿ ಹಾಕಿದಳು.